ಹಳೆಯ ಲಾರಿಯ ಎಂಜಿನ್ನಿನಲ್ಲಿ ಎಣ್ಣೆ ಸೋರಿಕೆ: ಕ್ರ್ಯಾಂಕ್ ಶಾಫ್ಟ್ ಆಯಿಲ್ ಸೀಲ್ ಬದಲಿಸುವ ಮುನ್ನ ತಿಳಿದಿರಬೇಕಾದುದು

ಮಹಾನಗರಗಳಿಗೆ ವಲಸೆ ಬಂದ ಕನ್ನಡಿಗರ ಹೋಟೆಲ್ ಉದ್ಯಮದ ಬಗ್ಗೆ ನಮ್ಮವರು ಸಾಕಷ್ಟು ಬರೆದಿದ್ದಾರೆ. ಲಾರಿಯನ್ನು ನಂಬಿ ಬಾಳಿದ ಕುಟುಂಬಗಳ ಕಥೆ ಮಾತ್ರ ಬಹುಪಾಲು ಬರೆಯದೆಯೇ ಉಳಿದಿದೆ. ಆ ತಲೆಮಾರಿನ ಕೆಲವು ಲಾರಿಗಳು ಇಂದಿಗೂ ಊರಿನ ಮನೆಯ ಅಂಗಳದಲ್ಲಿಯೋ ನಗರದ ಹೊರವಲಯದ ಶೆಡ್ಡಿನಲ್ಲಿಯೋ ನಿಂತಿವೆ. ತಂದೆಯವರು ದುಡಿಸಿದ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ, ಅದನ್ನು ಮತ್ತೆ ಓಡುವಂತೆ ಮಾಡಬೇಕೆಂದು ಹೊರಟವರಿಗೆ ಮೊದಲು ಕಾಣಿಸುವುದು ಎಂಜಿನ್ನಿನ ಕೆಳಗೆ ನೆಲದ ಮೇಲೆ ಹರಡಿದ ಕಪ್ಪು ಕಲೆ. "ಆಯಿಲ್ ಸೀಲ್ ಹೋಗಿದೆ, ಬದಲಿಸಿದರಾಯಿತು" ಎಂದು ಗ್ಯಾರೇಜಿನವರು ಹೇಳುತ್ತಾರೆ. ಸೀಲಿನ ಬೆಲೆ ಅಲ್ಪ. ಅದನ್ನು ತಲುಪಲು ಬಿಚ್ಚಬೇಕಾದ ಭಾಗಗಳು ಮಾತ್ರ ಅರ್ಧ ಲಾರಿಯಷ್ಟು. ಹೊಸ ಸೀಲ್ ಹಾಕಿ ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಕಲೆ ಮೂಡಿದರೆ ಖರ್ಚೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ನಾವು ಕಲಾ ವಿಭಾಗದಲ್ಲಿ ಓದಿ ಬ್ಯಾಂಕಿನ ಸೇವೆಗೆ ಸೇರಿದವರು. ಎಂಜಿನ್ನಿನ ಪರಿಚಯ ನಮಗಾದುದು ಸಾಲದ ಕಡತಗಳ ಮೂಲಕ. ಬ್ಯಾಂಕಿಗೆ ಅಡಮಾನವಾದ ಲಾರಿಗಳ ತಪಾಸಣೆಗೆಂದು ಗ್ಯಾರೇಜುಗಳಿಗೆ ಹೋಗಿ, ಮೇಸ್ತ್ರಿಗಳ ಪಕ್ಕದಲ್ಲಿ ನಿಂತು, ಕೇಳಿ ನೋಡಿ ತಿಳಿದುಕೊಂಡುದನ್ನು ಅನಂತರ ಕೈಪಿಡಿಗಳೊಡನೆ ತಾಳೆ ನೋಡಿ ಇಲ್ಲಿ ನಿರೂಪಿಸುತ್ತಿದ್ದೇವೆ. ಓದುಗರೇ ಸ್ಪ್ಯಾನರ್ ಹಿಡಿಯಬೇಕೆಂಬುದು ನಮ್ಮ ಉದ್ದೇಶವಲ್ಲ. ಕೆಲಸ ಮಾಡಿಸುವವರು ಕೇಳಬೇಕಾದ ಪ್ರಶ್ನೆಗಳನ್ನು ಅರಿತಿರಬೇಕು ಎಂಬುದಷ್ಟೇ ನಮ್ಮ ಆಶಯ.

ಆ ಕಾಲದ ಲಾರಿಗಳು

ರೈಲು ಎಂಜಿನ್ ತಯಾರಿಸುವ ಸಲುವಾಗಿ 1945ರಲ್ಲಿ ಸ್ಥಾಪನೆಯಾದ ಟೆಲ್ಕೋ ಸಂಸ್ಥೆಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಸಹಯೋಗದೊಂದಿಗೆ ಜಮ್ಶೆಡ್‌ಪುರದಲ್ಲಿ ಲಾರಿಗಳ ತಯಾರಿಕೆಯನ್ನು ಆರಂಭಿಸಿತು. ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರವನ್ನು ಹೊತ್ತ 'ಟಾಟಾ ಮರ್ಸಿಡಿಸ್-ಬೆಂಜ್' ಲಾರಿಗಳು ದೇಶದ ಹೆದ್ದಾರಿಗಳಿಗೆ ಇಳಿದುದು ಹೀಗೆ. ಅವುಗಳ 312 ಮಾದರಿಯಲ್ಲಿ ಇದ್ದುದು ಸುಮಾರು 4.6 ಲೀಟರಿನ, ಆರು ಸಿಲಿಂಡರಿನ ಡೀಸೆಲ್ ಎಂಜಿನ್. ಸಹಯೋಗವು 1969ರಲ್ಲಿ ಮುಗಿದ ಮೇಲೆ ನಕ್ಷತ್ರದ ಜಾಗಕ್ಕೆ ಟಾಟಾದವರ ಸ್ವಂತ ಚಿಹ್ನೆ ಬಂದಿತು. ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡುದೂ ಅದೇ 1969ರ ಜುಲೈ ತಿಂಗಳಿನಲ್ಲಿ. ಅನಂತರದ ವರ್ಷಗಳಲ್ಲಿ ಸಣ್ಣ ಸಾರಿಗೆದಾರರು ಆದ್ಯತಾ ವಲಯಕ್ಕೆ ಸೇರಿದರು. ಚಾಲಕನಾಗಿದ್ದವನು ಬ್ಯಾಂಕ್ ಸಾಲದಿಂದ ಲಾರಿಯ ಮಾಲೀಕನಾಗುವ ದಾರಿ ತೆರೆಯಿತು. ಇತ್ತ ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಡಾಡ್ಜ್ ಮತ್ತು ಫಾರ್ಗೋ ಲಾರಿಗಳೂ ಚೆನ್ನೈಯಿಂದ ಅಶೋಕ್ ಲೇಲ್ಯಾಂಡ್ ಲಾರಿಗಳೂ ಬರುತ್ತಿದ್ದವು. ಕಂಪನಿ ಯಾವುದೇ ಇರಲಿ, ಎಣ್ಣೆಯನ್ನು ಎಂಜಿನ್ನಿನೊಳಗೆ ಹಿಡಿದಿಡುವ ಸಮಸ್ಯೆ ಎಲ್ಲಕ್ಕೂ ಒಂದೇ ಆಗಿತ್ತು.

ಸೀಲಿನ ಕೆಲಸವೇನು?

ಪಿಸ್ಟನ್ನುಗಳ ಮೇಲೆ-ಕೆಳಗಿನ ಚಲನೆಯನ್ನು ಸುತ್ತುವ ಚಲನೆಯಾಗಿ ಮಾರ್ಪಡಿಸುವ ಉಕ್ಕಿನ ದಂಡವೇ ಕ್ರ್ಯಾಂಕ್ ಶಾಫ್ಟ್. ಅದು ಮೇನ್ ಬೇರಿಂಗುಗಳ ಮೇಲೆ ತಿರುಗುತ್ತದೆ. ಬೇರಿಂಗಿಗೂ ಶಾಫ್ಟಿಗೂ ನಡುವಿನ ಕೂದಲೆಳೆಯಷ್ಟು ತೆರಪಿಗೆ ಪಂಪು ಒತ್ತಡದಿಂದ ಎಣ್ಣೆಯನ್ನು ನೂಕುತ್ತದೆ. ಶಾಫ್ಟಿನ ಎರಡು ತುದಿಗಳು ಎಂಜಿನ್ನಿನಿಂದ ಹೊರಗೆ ಚಾಚಿರಲೇಬೇಕು. ಮುಂದಿನ ತುದಿಗೆ ಫ್ಯಾನ್ ಬೆಲ್ಟಿನ ಪುಲ್ಲಿ, ಹಿಂದಿನ ತುದಿಗೆ ಫ್ಲೈವೀಲ್ ಮತ್ತು ಕ್ಲಚ್. ತಿರುಗುವ ದಂಡವು ಗೋಡೆಯಿಂದ ಹೊರಬರುವ ಈ ಎರಡು ಬಾಗಿಲುಗಳಲ್ಲಿ ಎಣ್ಣೆಯನ್ನು ತಡೆಯುವ ಕಾವಲುಗಾರರೇ ಆಯಿಲ್ ಸೀಲುಗಳು.

ಕೆಲಸ ಸುಲಭದ್ದಲ್ಲ. ಸೀಲ್ ಕೂರುವಲ್ಲಿ ಶಾಫ್ಟಿನ ವ್ಯಾಸ 100 ಮಿಲಿಮೀಟರ್ ಎಂದುಕೊಳ್ಳೋಣ. ನಿಮಿಷಕ್ಕೆ 2,800 ಸುತ್ತು ತಿರುಗುವಾಗ ಅದರ ಮೇಲ್ಮೈ ಗಂಟೆಗೆ ಸುಮಾರು 53 ಕಿಲೋಮೀಟರ್ ವೇಗದಲ್ಲಿ ಸೀಲನ್ನು ಉಜ್ಜಿಕೊಂಡು ಸಾಗುತ್ತದೆ. ಬಿಗಿ ಹೆಚ್ಚಾದರೆ ಸೀಲ್ ಸುಡುತ್ತದೆ, ಸಡಿಲವಾದರೆ ಎಣ್ಣೆ ಹೊರಬರುತ್ತದೆ.

ಹಳೆಯ ಎಂಜಿನ್ನುಗಳಲ್ಲಿ ಈ ತಡೆಯನ್ನು ಹಂತ ಹಂತವಾಗಿ ಒಡ್ಡುತ್ತಿದ್ದರು. ಶಾಫ್ಟಿನ ಮೇಲಿನ ಒಂದು ಬಳೆ ಎಣ್ಣೆಯನ್ನು ಹೊರಕ್ಕೆ ಎರಚಿ ಚೇಂಬರಿಗೆ ಬೀಳಿಸುತ್ತದೆ. ಅದನ್ನು ದಾಟಿ ಬಂದ ಎಣ್ಣೆಯನ್ನು ಶಾಫ್ಟಿನಲ್ಲಿ ಓರೆಯಾಗಿ ಕೊರೆದ ಸಣ್ಣ ಗೆರೆಗಳು, ತಿರುಗುವಾಗ, ಸ್ಕ್ರೂವಿನಂತೆ ಒಳಕ್ಕೆ ಹಿಂದೂಡುತ್ತವೆ. ಕಡೆಯದಾಗಿ ಉಳಿದ ಅಲ್ಪ ಎಣ್ಣೆಯನ್ನು ತಡೆಯಲು ಸೀಲ್.

ಹಗ್ಗ ಮತ್ತು ತುಟಿ

ಹಿಂಬದಿಯ ಸೀಲಾಗಿ ಅಂದು ಬಳಕೆಯಲ್ಲಿದ್ದುದು ಬಹುತೇಕ ಹಗ್ಗವೇ. ಗ್ರಾಫೈಟ್ ಸವರಿ ಹೆಣೆದ, ಬೆರಳು ಗಾತ್ರದ ಹುರಿಯ ಎರಡು ತುಂಡುಗಳು: ಒಂದು ಎಂಜಿನ್ ಬ್ಲಾಕಿನ ಅರ್ಧವೃತ್ತದ ಗಾಡಿಯಲ್ಲಿ, ಇನ್ನೊಂದು ಕೆಳಗಿನ ಕ್ಯಾಪಿನ ಗಾಡಿಯಲ್ಲಿ. ಎರಡೂ ಸೇರಿ ಶಾಫ್ಟಿನ ಸುತ್ತ ಕೊರಳಪಟ್ಟಿಯಂತೆ ಕೂರುತ್ತವೆ. ಮರ್ಸಿಡಿಸ್-ಬೆಂಜ್ ಮೂಲದ ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಈ ಪದ್ಧತಿ ಸಾಮಾನ್ಯವಾಗಿತ್ತು. ಅಮೆರಿಕದ ಹಲವು ಎಂಜಿನ್ನುಗಳಲ್ಲಿಯೂ ಇತ್ತು.

ಮುಂಬದಿಗೆ, ಮತ್ತು ಮುಂದೆ ಹಿಂಬದಿಗೂ, ಬಂದುದು ತುಟಿಯುಳ್ಳ ಸೀಲ್. ಲೋಹದ ಬಳೆಯೊಳಗೆ ಒಂದು ಮೃದುವಾದ ತುಟಿ; ಅದು ಶಾಫ್ಟಿಗೆ ಒತ್ತಿಕೊಂಡಿರುವಂತೆ ಹಿಂದಿನಿಂದ ಸುತ್ತಿದ ಸಣ್ಣ ಸ್ಪ್ರಿಂಗು. ಆರಂಭದಲ್ಲಿ ಈ ತುಟಿ ಚರ್ಮದ್ದಾಗಿತ್ತು. ಇಂದು ಸೀಲ್ ತಯಾರಿಕೆಯಲ್ಲಿ ಹೆಸರಾಂತ ಜರ್ಮನಿಯ ಫ್ರಾಯ್ಡನ್‌ಬರ್ಗ್ ಸಂಸ್ಥೆ ಮೊದಲು ಚರ್ಮ ಹದಮಾಡುವ ಕಾರ್ಖಾನೆಯಾಗಿತ್ತು ಎಂಬುದು ಕುತೂಹಲದ ಸಂಗತಿ. 1930ರ ದಶಕದಲ್ಲಿ ಚರ್ಮದ ಸ್ಥಾನಕ್ಕೆ ಕೃತಕ ರಬ್ಬರ್ ಬರತೊಡಗಿತು. ಇಂದು ಸಾಮಾನ್ಯ ಸೀಲಿಗೆ ನೈಟ್ರೈಲ್ ರಬ್ಬರ್ ಬಳಸುತ್ತಾರೆ; ಅದು ಸರಿಸುಮಾರು 100 ಡಿಗ್ರಿ ಸೆಲ್ಸಿಯಸ್ ತಾಪವನ್ನು ತಾಳುತ್ತದೆ. ವೈಟಾನ್ ಎಂಬ ದುಬಾರಿ ರಬ್ಬರ್ 200 ಡಿಗ್ರಿಯವರೆಗೂ ತಾಳುತ್ತದೆ.

ಇವೆರಡರ ನಡುವಿನ ಒಂದು ವ್ಯತ್ಯಾಸವನ್ನು ಮಾಲೀಕರು ಮರೆಯಬಾರದು. ಹಗ್ಗದ ಸೀಲಿಗೆಂದು ತಯಾರಾದ ಶಾಫ್ಟಿನ ಮೇಲೆ ಓರೆ ಗೆರೆಗಳೋ ಒರಟು ನಕ್ಕಿಯೋ ಇರುತ್ತದೆ. ರಬ್ಬರ್ ತುಟಿಗೆ ಬೇಕಾದುದು ಕನ್ನಡಿಯಂಥ ನುಣುಪು. ಗೆರೆಗಳಿರುವ ಶಾಫ್ಟಿಗೆ ರಬ್ಬರ್ ಸೀಲ್ ತೊಡಿಸಿದರೆ ಆ ಗೆರೆಗಳೇ ಅರದಂತೆ ತುಟಿಯನ್ನು ಅರೆದುಹಾಕುತ್ತವೆ. "ಹೊಸ ಮಾದರಿಯ ಸೀಲ್ ಹಾಕೋಣ, ಇನ್ನು ಸೋರುವ ಮಾತೇ ಇಲ್ಲ" ಎಂಬ ಸಲಹೆ ಬಂದಾಗ ಶಾಫ್ಟಿನ ಮೇಲ್ಮೈ ಎಂಥದು ಎಂದು ಮೊದಲು ಕೇಳಬೇಕು. ಶಾಫ್ಟನ್ನು ಹೊರತೆಗೆದು ಆ ಭಾಗವನ್ನು ಗ್ರೈಂಡ್ ಮಾಡಿಸಿ ನುಣುಪು ಮಾಡದ ಹೊರತು ಹಗ್ಗಕ್ಕೆ ಹಗ್ಗವೇ ಸರಿ.

ಸೋರುತ್ತಿರುವುದು ಸೀಲೇ ಹೌದೆ?

ಸೀಲ್ ಬದಲಿಸುವ ಕೆಲಸದಲ್ಲಿ ಅತಿ ಮುಖ್ಯವಾದ ಭಾಗ ಬಿಚ್ಚುವುದಕ್ಕೆ ಮೊದಲೇ ಮುಗಿಯಬೇಕು. ಎಣ್ಣೆ ಕೆಳಕ್ಕೆ ಹರಿಯುತ್ತದೆ. ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಆದುದರಿಂದ ಮೇಲೆ ಟ್ಯಾಪೆಟ್ ಕವರಿನಲ್ಲಿ ಸೋರಿದ ಎಣ್ಣೆಯೂ ಕೊನೆಗೆ ಫ್ಲೈವೀಲ್ ಹೌಸಿಂಗಿನ ತಳದಲ್ಲಿಯೇ ತೊಟ್ಟಿಕ್ಕುತ್ತದೆ. ಎಂಜಿನ್ನನ್ನು ಹೊರಗಿನಿಂದ ಚೆನ್ನಾಗಿ ತೊಳೆದು ಒಣಗಿಸಿ, ಅರ್ಧ ಗಂಟೆ ಓಡಿಸಿ, ದೀಪ ಮತ್ತು ಕೈಗನ್ನಡಿ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬರಬೇಕು. ಒದ್ದೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿಯೇ ಮೂಲ.

ಹೌಸಿಂಗಿನ ತಳದ ರಂಧ್ರದಿಂದ ಬೀಳುವ ಎಣ್ಣೆ ಎಂಜಿನ್ನಿನದೋ ಗೇರ್ ಬಾಕ್ಸಿನದೋ ಎಂಬುದನ್ನೂ ನಿರ್ಧರಿಸಬೇಕು. ಡೀಸೆಲ್ ಎಂಜಿನ್ನಿನ ಬಳಸಿದ ಎಣ್ಣೆ ಮಸಿಯಂತೆ ಕಪ್ಪು. ಗೇರ್ ಎಣ್ಣೆ ಮಂದವಾಗಿರುತ್ತದೆ, ಗಂಧಕದ ಕಟುವಾಸನೆ ಬರುತ್ತದೆ. ಗೇರ್ ಬಾಕ್ಸಿನ ಮುಂದಿನ ಸೀಲ್ ಸೋರುತ್ತಿರುವಾಗ ಕ್ರ್ಯಾಂಕ್ ಸೀಲ್ ಬದಲಿಸಿ ಫಲವಿಲ್ಲ.

ಮೂಲ ಕ್ರ್ಯಾಂಕ್ ಸೀಲೇ ಎಂದು ಖಚಿತವಾದ ಮೇಲೆ ಕೇಳಬೇಕಾದ ಪ್ರಶ್ನೆ: ಅದು ಕೆಟ್ಟುದೇಕೆ? ಕಾರಣಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಬ್ರೀದರ್ ಕಟ್ಟಿಕೊಂಡಿರುವುದು. ಪಿಸ್ಟನ್ ರಿಂಗುಗಳನ್ನು ದಾಟಿ ಕೊಂಚ ಅನಿಲ ಚೇಂಬರಿಗೆ ಇಳಿಯುತ್ತಲೇ ಇರುತ್ತದೆ. ಅದು ಹೊರಹೋಗಲು ಇರುವ ಕೊಳವೆಯೇ ಬ್ರೀದರ್. ಅದರಲ್ಲಿ ಮಡ್ಡಿ ತುಂಬಿದರೆ ಒಳಗಿನ ಒತ್ತಡ ಏರಿ, ಎಣ್ಣೆ ಸೀಲನ್ನು ಸರಿಸಿಕೊಂಡು ಹೊರಬರುತ್ತದೆ. ಕೆಲವೊಮ್ಮೆ ಈ ಕೊಳವೆಯನ್ನು ಸ್ವಚ್ಛ ಮಾಡಿದರೇ ಸೋರಿಕೆ ನಿಲ್ಲುವುದುಂಟು; ಗೇರ್ ಬಾಕ್ಸ್ ಇಳಿಸುವ ಪ್ರಮೇಯವೇ ಬರುವುದಿಲ್ಲ.

ಎರಡನೆಯದು, ರಿಂಗು ಮತ್ತು ಸಿಲಿಂಡರ್ ಸವೆದಿರುವುದು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಎಂದು ಹೊರನುಗ್ಗುತ್ತದೆಯೇ ನೋಡಬೇಕು. ಹಾಗಿದ್ದಲ್ಲಿ ಸೀಲಲ್ಲ, ಇಡೀ ಎಂಜಿನ್ನೇ ಚಿಕಿತ್ಸೆ ಬೇಡುತ್ತಿದೆ.

ಮೂರನೆಯದು, ಮೇನ್ ಬೇರಿಂಗು ಸವೆದಿರುವುದು. ಆಗ ಶಾಫ್ಟು ಸುತ್ತುವುದರ ಜೊತೆಗೆ ಮೇಲಕ್ಕೂ ಕೆಳಕ್ಕೂ ಕುಣಿಯುತ್ತದೆ. ಆ ಕುಣಿತಕ್ಕೆ ಯಾವ ಸೀಲೂ ಹೊಂದಿಕೊಳ್ಳಲಾರದು. ಎಂಜಿನ್ ಬಿಸಿಯಾದ ಮೇಲೆ ಎಣ್ಣೆಯ ಒತ್ತಡ ತೀರ ಇಳಿಯುವುದು ಇದರ ಸೂಚನೆ.

ನಾಲ್ಕನೆಯದು ಸರಳ: ಅಳತೆ ಕಡ್ಡಿಯ ಮೇಲಿನ ಗೆರೆಯನ್ನು ಮೀರಿ ಎಣ್ಣೆ ತುಂಬಿರುವುದು. ಸೋರುತ್ತದೆಂದು ಹೆದರಿ ಹೆಚ್ಚು ಹಾಕುವುದು, ಹೆಚ್ಚಾಯಿತೆಂದು ಅದು ಇನ್ನಷ್ಟು ಸೋರುವುದು.

ಲೆಕ್ಕಪತ್ರದಲ್ಲಿ ಕೊರತೆ ಕಂಡಾಗ ಅಷ್ಟು ಹಣವನ್ನು ತುಂಬಿಬಿಟ್ಟರೆ ತಪಾಸಣೆ ಮುಗಿದಂತಲ್ಲ. ಕೊರತೆ ಬಂದುದು ಎಲ್ಲಿಂದ ಎಂದು ಕಂಡುಹಿಡಿಯಬೇಕು. ಸೀಲಿನ ವಿಷಯವೂ ಹಾಗೆಯೇ.

ಮುಂಬದಿಯ ಸೀಲ್

ಇದು ಹೋಲಿಕೆಯಲ್ಲಿ ಸುಲಭದ ಕೆಲಸ. ರೇಡಿಯೇಟರ್, ಫ್ಯಾನ್, ಬೆಲ್ಟುಗಳನ್ನು ತೆಗೆದು ಪುಲ್ಲಿಯನ್ನು ಪುಲ್ಲರ್ ಎಂಬ ಸಾಧನದಿಂದ ಎಳೆದು ತೆಗೆಯಬೇಕು. ಸುತ್ತಿಗೆಯಿಂದ ಬಡಿದರೆ ಪುಲ್ಲಿಯ ಅಂಚು ಒಡೆಯುತ್ತದೆ, ಒಳಗಿನ ಬೇರಿಂಗಿಗೂ ಪೆಟ್ಟು ಬೀಳುತ್ತದೆ. ಟೈಮಿಂಗ್ ಕವರಿನಲ್ಲಿ ಕೂತಿರುವ ಹಳೆಯ ಸೀಲನ್ನು, ಅದು ಕೂರುವ ಗೂಡಿಗೆ ಗೀರು ಬೀಳದಂತೆ ಎಬ್ಬಿಸಬೇಕು.

ಬಳಿಕ ಪುಲ್ಲಿಯ ಕುತ್ತಿಗೆಯನ್ನು ಪರೀಕ್ಷಿಸಬೇಕು. ಮೃದುವಾದ ರಬ್ಬರ್ ವರ್ಷಾನುಗಟ್ಟಲೆ ಉಜ್ಜಿ ಉಕ್ಕಿನಲ್ಲಿಯೇ ಒಂದು ಗೆರೆಯನ್ನು ಸವೆಸಿರುತ್ತದೆ. ಬೆರಳಿನ ಉಗುರು ಅದರಲ್ಲಿ ಸಿಕ್ಕಿಕೊಂಡರೆ ಹೊಸ ಸೀಲ್ ಅಲ್ಲಿ ನಿಲ್ಲುವುದಿಲ್ಲ. ಇದಕ್ಕೆ ಎರಡು ಪರಿಹಾರಗಳಿವೆ. ಗೂಡಿನಲ್ಲಿ ಜಾಗವಿದ್ದರೆ ಹೊಸ ತುಟಿಯು ಸವೆಯದ ಜಾಗವನ್ನು ಮುಟ್ಟುವಂತೆ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸುವುದು. ಇಲ್ಲವಾದರೆ ಸವೆದ ಭಾಗದ ಮೇಲೆ ತೆಳುವಾದ ಸ್ಟೀಲ್ ತೋಳನ್ನು ಹಾಕಿಸುವುದು. ಎಮರಿ ಕಾಗದದಿಂದ ಗೆರೆಯನ್ನು ಉಜ್ಜಿ ತೆಗೆಯುವ ಪ್ರಯತ್ನದಿಂದ ಕುತ್ತಿಗೆಯ ವ್ಯಾಸವೇ ಕಡಿಮೆಯಾಗುತ್ತದೆ.

ಹೊಸ ಸೀಲಿನ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ, ಅಂದರೆ ಒಳಕ್ಕೆ ಇರತಕ್ಕದ್ದು. ಸೀಲಿನಷ್ಟೇ ಅಗಲದ ಬಳೆಯನ್ನಿಟ್ಟು ಸುತ್ತಲೂ ಸಮನಾಗಿ ಒತ್ತಿ ಕೂರಿಸಬೇಕು. ಒಂದು ಅಂಚಿಗೆ ಬಡಿದರೆ ಬಳೆ ಓರೆಯಾಗುತ್ತದೆ. ರಬ್ಬರ್ ತುಟಿಗೆ ಎಣ್ಣೆ ಸವರಿಯೇ ಪುಲ್ಲಿಯನ್ನು ತೊಡಿಸಬೇಕು. ಎಂಜಿನ್ ಮೊದಲ ಬಾರಿ ತಿರುಗುವಾಗ ತುಟಿ ಒಣಗಿದ್ದರೆ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಚರ್ಮದ ಸೀಲಾದರೆ ಮೊದಲೇ ಎಣ್ಣೆಯಲ್ಲಿ ನೆನೆಸಿಡಬೇಕು.

ಹಿಂಬದಿಯ ಸೀಲ್

ನಿಜವಾದ ಶ್ರಮ ಇರುವುದು ಇಲ್ಲಿ. ಚಕ್ರಗಳಿಗೆ ಅಡ್ಡ ಕೊಟ್ಟು, ಬ್ಯಾಟರಿಯ ತಂತಿ ಬಿಡಿಸಿ, ಎಣ್ಣೆ ಬಸಿದು, ಪ್ರೊಪೆಲರ್ ಶಾಫ್ಟ್, ಗೇರ್ ಬಾಕ್ಸ್, ಕ್ಲಚ್, ಫ್ಲೈವೀಲ್ ಇವುಗಳನ್ನು ಒಂದರ ಹಿಂದೊಂದು ಇಳಿಸಬೇಕು. ಲಾರಿಯ ಗೇರ್ ಬಾಕ್ಸನ್ನು ಜ್ಯಾಕಿನ ಆಸರೆಯಿಲ್ಲದೆ ಎದೆಯ ಮೇಲೆ ಹೊತ್ತು ಇಳಿಸುವ ದುಸ್ಸಾಹಸವನ್ನು ಗ್ಯಾರೇಜುಗಳಲ್ಲಿ ನಾವು ಕಂಡಿದ್ದೇವೆ. ಮಾಲೀಕರು ಅದನ್ನು ಒಪ್ಪಬಾರದು. ಕ್ಲಚ್ ಮತ್ತು ಫ್ಲೈವೀಲ್ ಇದ್ದ ಸ್ಥಾನಗಳಿಗೆ ಗುರುತು ಹಾಕಿಕೊಂಡರೆ ಮತ್ತೆ ಅದೇ ಸ್ಥಾನದಲ್ಲಿ ಜೋಡಿಸಬಹುದು; ಸಮತೋಲನ ಕೆಡುವುದಿಲ್ಲ.

ಚೇಂಬರ್ ಇಳಿಸಿ ಹಿಂದಿನ ಮೇನ್ ಬೇರಿಂಗಿನ ಕ್ಯಾಪ್ ಬಿಚ್ಚಿದರೆ ಕೆಳಗಿನ ಅರ್ಧ ಹಗ್ಗ ಕೈಗೆ ಬರುತ್ತದೆ. ಮೇಲಿನ ಅರ್ಧ ಶಾಫ್ಟಿನ ಬೆನ್ನ ಮೇಲೆ ಅಡಗಿರುತ್ತದೆ. ಶಾಫ್ಟನ್ನೇ ಹೊರತೆಗೆದು ಬದಲಿಸುವುದು ಶಾಸ್ತ್ರೋಕ್ತ ಕ್ರಮ. ಎಂಜಿನ್ನನ್ನು ಹೇಗೂ ಪೂರ್ತಿ ಬಿಚ್ಚುತ್ತಿದ್ದರೆ ಇದೇ ಸರಿ. ಇಲ್ಲದಿದ್ದಲ್ಲಿ ಅನುಭವಿ ಮೇಸ್ತ್ರಿಗಳು ಎಲ್ಲ ಮೇನ್ ಕ್ಯಾಪುಗಳನ್ನು ಕೆಲವು ಸುತ್ತು ಸಡಿಲಿಸಿ, ಶಾಫ್ಟು ಕೂದಲೆಳೆಯಷ್ಟು ಕೆಳಗಿಳಿಯುವಂತೆ ಮಾಡುತ್ತಾರೆ. ಹಳೆಯ ಹಗ್ಗವನ್ನು ಒಂದು ಬದಿಯಿಂದ ಎಳೆದು ತೆಗೆದು, ಹೊಸ ಹಗ್ಗದ ತುದಿಗೆ ತಂತಿ ಬಿಗಿದು, ಶಾಫ್ಟನ್ನು ಮೆಲ್ಲನೆ ತಿರುಗಿಸುತ್ತ ಇನ್ನೊಂದು ಬದಿಗೆ ಎಳೆದುಕೊಳ್ಳುತ್ತಾರೆ. ಹಳೆಯ ಹಗ್ಗವನ್ನು ತೆಗೆಯದೆಯೇ ತುದಿಗಳಲ್ಲಿ ಚೂರುಗಳನ್ನು ತುರುಕುವ ಮೂರನೆಯ ದಾರಿಯೊಂದಿದೆ. ಅದು ಊರು ತಲುಪುವವರೆಗಿನ ಉಪಾಯವೇ ಹೊರತು ದುರಸ್ತಿಯಲ್ಲ.

ಹೊಸ ಹಗ್ಗವನ್ನು ಎಣ್ಣೆಯಲ್ಲಿ ಎಷ್ಟು ಹೊತ್ತು ನೆನೆಸಬೇಕೆಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಪೊಟ್ಟಣದ ಮೇಲಿನ ಸೂಚನೆಯನ್ನೇ ಪಾಲಿಸಬೇಕು. ಗಾಡಿಯನ್ನು ಪೂರ್ತಿ ಸ್ವಚ್ಛಗೊಳಿಸಿ, ಹಗ್ಗವನ್ನು ನಡುವಿನಲ್ಲಿ ಒತ್ತಿ, ನುಣುಪಾದ ದುಂಡು ದಂಡದಿಂದ ಎರಡೂ ತುದಿಗಳತ್ತ ಉರುಳಿಸುತ್ತ ಕೂರಿಸಬೇಕು. ತುದಿಗಳನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸುವಾಗ ಕೈಪಿಡಿ ಹೇಳಿದಷ್ಟು, ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಒಳಗೆ, ಮೇಲೆ ಉಳಿಸಬೇಕು. ಎರಡು ಅರ್ಧಗಳು ಒಂದನ್ನೊಂದು ಒತ್ತಿ ಸಂದು ಮುಚ್ಚುವುದು ಈ ಅಲ್ಪ ಉಬ್ಬಿನಿಂದಲೇ. ಕತ್ತರಿಸಿದ ಎಳೆಯೊಂದು ಕ್ಯಾಪಿನ ಮುಖಗಳ ನಡುವೆ ಸಿಕ್ಕಿಕೊಂಡರೂ ಕ್ಯಾಪ್ ಸರಿಯಾಗಿ ಕೂರದು. ಬೇರಿಂಗಿನ ತೆರಪು ಕೆಟ್ಟು ಎಣ್ಣೆಯೂ ಜಿನುಗುತ್ತದೆ. ಕ್ಯಾಪಿನ ಬದಿಗಳಲ್ಲಿ ಬೇರೆ ಪಟ್ಟಿಗಳಿದ್ದರೆ ಅವನ್ನೂ ಹೊಸದಾಗಿಯೇ ಹಾಕಬೇಕು. ಬೋಲ್ಟುಗಳನ್ನು ಅಂದಾಜಿನಿಂದಲ್ಲ, ಟಾರ್ಕ್ ರೆಂಚಿನಿಂದ, ಕೈಪಿಡಿಯ ಅಳತೆಗೆ ಬಿಗಿಯಬೇಕು. ಕೊನೆಯಲ್ಲಿ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು. ಹೊಸ ಹಗ್ಗದಿಂದಾಗಿ ತುಸು ಬಿಗಿ ಇರುವುದು ಸಹಜ. ತಿರುಗಲೊಲ್ಲದಿದ್ದರೆ ಮತ್ತೆ ಬಿಚ್ಚಿ ನೋಡುವುದೇ ಕ್ಷೇಮ.

ಕಣ್ಣಿಗೆ ಕಾಣದ ಅಪಾಯ

ಹಳೆಯ ಹಗ್ಗದ ಸೀಲುಗಳಲ್ಲಿ, ಗ್ಯಾಸ್ಕೆಟ್ಟುಗಳಲ್ಲಿ ಮತ್ತು ಕ್ಲಚ್ ಪ್ಲೇಟಿನ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಸಾಮಾನ್ಯವಾಗಿರುತ್ತಿತ್ತು. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ರೋಗ ಕಾಣಿಸಿಕೊಳ್ಳುವುದು ದಶಕಗಳ ಅನಂತರ. ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ರಕ್ಷಣೆಯ ಬಗ್ಗೆ ನಮ್ಮ ಸುಪ್ರೀಂ ಕೋರ್ಟು 1995ರಲ್ಲಿಯೇ ಮಹತ್ವದ ತೀರ್ಪನ್ನಿತ್ತಿದೆ. ಆದರೆ ಬೀದಿಬದಿಯ ಗ್ಯಾರೇಜಿನ ಹುಡುಗನವರೆಗೆ ಆ ಎಚ್ಚರ ತಲುಪಿರುವುದು ಕಡಿಮೆ.

ಕ್ಲಚ್ ಹೌಸಿಂಗಿನ ಧೂಳನ್ನು ಗಾಳಿಯ ಪೈಪಿನಿಂದ ಊದಿ ಹಾರಿಸುವುದು ಎಲ್ಲೆಡೆ ಕಾಣುವ ರೂಢಿ. ಇದನ್ನು ತಡೆಯಬೇಕು. ಧೂಳನ್ನು ನೀರಿನಿಂದ ಒದ್ದೆ ಮಾಡಿ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಹಳೆಯ ಹಗ್ಗವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆಯಾಗಿ ಇಡಬೇಕು. ಒಣ ಹಗ್ಗವನ್ನು ಕೆರೆಯಬಾರದು, ಉಜ್ಜಬಾರದು. ಸೂಕ್ಷ್ಮ ಕಣಗಳನ್ನು ತಡೆಯುವ ಮುಖಗವಸು ಧರಿಸಬೇಕು. ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಹೊಸ ಹಗ್ಗ ಕೊಳ್ಳುವಾಗ ಆಸ್ಬೆಸ್ಟಾಸ್ ರಹಿತವಾದುದನ್ನೇ ಕೇಳಿ ಪಡೆಯಬೇಕು. ನಮ್ಮ ತಂದೆಯ ಲಾರಿಯನ್ನು ಉಳಿಸುವ ಸಲುವಾಗಿ ಇನ್ನೊಬ್ಬರ ಮಗನ ಉಸಿರು ಕೆಡಬಾರದಷ್ಟೆ.

ಖರ್ಚು, ಬಿಡಿಭಾಗ, ಕಾಯಿದೆ

ಒಂದು ಹನಿಯಿಂದ ಏನಾದೀತು ಎನ್ನುವವರಿಗಾಗಿ ಒಂದು ಅಂದಾಜು ಲೆಕ್ಕ. ಹತ್ತು ಸೆಕೆಂಡಿಗೆ ಒಂದು ಹನಿ ಬಿದ್ದರೆ ಗಂಟೆಗೆ 360 ಹನಿ. ದಿನಕ್ಕೆ ಹತ್ತು ಗಂಟೆ ಓಡಿದರೆ 3,600. ಮಿಲಿಲೀಟರಿಗೆ 25 ಹನಿ ಎಂದರೆ ದಿನಕ್ಕೆ 144 ಮಿಲಿಲೀಟರ್, 25 ದಿನಕ್ಕೆ 3.6 ಲೀಟರ್. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಇಲ್ಲಿ ಅಕ್ಷರಶಃ ನಿಜ. ಇದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ಹಿಂಬದಿಯ ಎಣ್ಣೆ ಕ್ಲಚ್ ಪ್ಲೇಟಿಗೆ ತಗುಲಿದರೆ ಕ್ಲಚ್ ಜಾರುತ್ತದೆ. ಖಂಡಾಲಾ ಘಾಟಿಯನ್ನೋ ಶಿರಾಡಿ ಘಾಟಿಯನ್ನೋ ಏರುವಾಗ ಎಂಜಿನ್ ಕೂಗುತ್ತಿದ್ದರೂ ಲಾರಿ ಮುಂದೆ ಸಾಗದೆ ನಿಲ್ಲುವುದು ಜೀವಕ್ಕೆ ಅಪಾಯ.

ಹಳೆಯ ಬಿಡಿಭಾಗಗಳಿಗಾಗಿ ಮುಂಬಯಿಯಲ್ಲಿ ಕುರ್ಲಾ, ಚೆನ್ನೈಯಲ್ಲಿ ಪುದುಪೇಟೆ, ದಿಲ್ಲಿಯಲ್ಲಿ ಕಾಶ್ಮೀರಿ ಗೇಟ್, ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಹೆಸರಾದ ತಾಣಗಳು. ಹೋಗುವಾಗ ಎಂಜಿನ್ ಸಂಖ್ಯೆಯ ಜೊತೆಗೆ ಹಳೆಯ ಸೀಲಿನ ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆಗಳನ್ನು ಬರೆದುಕೊಂಡಿರಬೇಕು. ತುಟಿಯುಳ್ಳ ಸೀಲುಗಳು ಈ ಅಳತೆಗಳ ಮೇಲೆಯೇ ಸಿಗುವುದರಿಂದ ಗಾಡಿಯ ಹೆಸರು ಅಂಗಡಿಯವರಿಗೆ ತಿಳಿಯದಿದ್ದರೂ ನಡೆಯುತ್ತದೆ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ರಬ್ಬರ್ ಸೀಲ್ ಗಡುಸಾಗಿರುತ್ತದೆ. ಬಾಗಿಸಿ ನೋಡಿ ಕೊಳ್ಳುವುದು ಒಳ್ಳೆಯದು.

ಕಾಯಿದೆಯ ಮಾತೂ ಒಂದಿದೆ. ಕೇಂದ್ರ ಸರಕಾರವು 2021ರಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮಗಳನ್ನು ರೂಪಿಸಿತು. ಅವು 50 ವರ್ಷ ಮೀರಿದ, ಮೂಲ ರೂಪದಲ್ಲಿ ಉಳಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಸಂಬಂಧಿಸಿದವು. ಸರಕು ಸಾಗಿಸುತ್ತಿದ್ದ ಲಾರಿಯ ವಿಷಯದಲ್ಲಿ ಸಾವಿರಾರು ರೂಪಾಯಿ ವೆಚ್ಚ ಮಾಡುವುದಕ್ಕೆ ಮೊದಲು ತಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ವಿವೇಕ.

ಕೆಲಸ ಮುಗಿದ ಮೇಲೆ

ಎಣ್ಣೆ ತುಂಬಿ ಇಪ್ಪತ್ತು ನಿಮಿಷ ನಿಧಾನವಾಗಿ ಓಡಿಸಿ ಪರೀಕ್ಷಿಸಬೇಕು. ಹೊಸ ಹಗ್ಗ ಶಾಫ್ಟಿಗೆ ಹೊಂದಿಕೊಳ್ಳುವವರೆಗೆ ಒಂದೆರಡು ಹನಿ ಜಿನುಗಿದರೆ ಗಾಬರಿ ಬೇಡ. ಧಾರೆ ಕಟ್ಟಿದರೆ ಮಾತ್ರ ಮೇಸ್ತ್ರಿಯನ್ನು ಕರೆಯಬೇಕು. ನಿಂತ ಲಾರಿಯ ಸೀಲ್ ಓಡುವ ಲಾರಿಯ ಸೀಲಿಗಿಂತ ಬೇಗ ಕೆಡುತ್ತದೆ ಎಂಬುದು ನೆನಪಿರಲಿ. ಎಣ್ಣೆ ತಾಗದೆ ಹಗ್ಗ ಒಣಗುತ್ತದೆ, ರಬ್ಬರ್ ಗಡುಸಾಗುತ್ತದೆ. ತಿಂಗಳಿಗೊಮ್ಮೆಯಾದರೂ ಎಂಜಿನ್ ಬಿಸಿಯಾಗುವವರೆಗೆ ಓಡಿಸುವುದು ಅಗತ್ಯ.

ಹಗ್ಗದ ಸೀಲನ್ನು ಕೂರಿಸಬಲ್ಲ ಮೇಸ್ತ್ರಿಗಳು ಈಗ ವಯಸ್ಸಾದವರು. ಅವರ ಕೈಯ ಹದ ಯಾವ ಕೈಪಿಡಿಯಲ್ಲಿಯೂ ಪೂರ್ತಿಯಾಗಿ ದಾಖಲಾಗಿಲ್ಲ. ಅಂಥವರಿಂದ ಕೆಲಸ ಮಾಡಿಸುವವರು ಹಂತ ಹಂತವಾಗಿ ಛಾಯಾಚಿತ್ರ ತೆಗೆದು, ಬಳಸಿದ ಸೀಲಿನ ಅಳತೆ, ಬಿಗಿದ ಟಾರ್ಕು, ದಿನಾಂಕ ಇವನ್ನು ಒಂದು ಪುಸ್ತಕದಲ್ಲಿ ಬರೆದು ಲಾರಿಯ ದಾಖಲೆಗಳ ಜೊತೆಗಿಡಲಿ. ಮೇಸ್ತ್ರಿಯ ಹೆಸರನ್ನೂ ಬರೆಯಲಿ. ಮುಂದೊಮ್ಮೆ ಅದೇ ಎಂಜಿನ್ನನ್ನು ಬಿಚ್ಚುವ ಕೈಗಳಿಗೆ ಆ ಪುಸ್ತಕ ದಾರಿ ತೋರಿಸೀತು.